ಮಾವ ಎಳೆದ ಮೊನೆ

ಗಡ್ಡಕ್ಕೆ ನೊರೆ ಹಚ್ಚಿ ಕತ್ತಿ ಕುತ್ತಿಗೆಯ ಹತ್ತಿರ ಬಂದ ಮೇಲಾದರೂ ಮಾವ ಬಾಯಿ ಮುಚ್ಚುತ್ತಾರೆ ಎಂದುಕೊಂಡವರು ಅವರನ್ನು ಬಲ್ಲವರಲ್ಲ. ಕ್ಷೌರದವನು ‘ಅಲ್ಲಾಡಬೇಡಿ’ ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವ ಬದಲು ಕತ್ತಿ ಕೆಳಗಿಟ್ಟು ಕೈಕಟ್ಟಿ ನಿಂತ.

"ಹೇಳಿ ಮುಗಿಸಿಬಿಡಿ. ಆಮೇಲೆ ಕೆರೀತೀನಿ."

"ನಿನ್ನ ತಲೆಯಿಂದ ಒಂದು ಕೂದಲು ಕಿತ್ಕೋ," ಎಂದರು ಮಾವ. ಕ್ಷೌರದವನ ತಲೆ ನುಣ್ಣಗಿತ್ತು. "ಸರಿ, ನಿನ್ನ ತಲೇಲಿ ಸಿಗಲ್ಲ, ನಂದೇ ತಗೋ. ಅದನ್ನ ಉದ್ದುದ್ದ ಸಾವಿರ ಸೀಳು ಮಾಡು. ಅದರಲ್ಲಿ ಒಂದು ಸೀಳು ಎಷ್ಟು ಸಣ್ಣಗಿರುತ್ತೋ, ನಮ್ಮ ಸೂಜಿ ಬಾಯಿ ಅಷ್ಟು ಸಣ್ಣ. ಗಾಜಿನ ಸೂಜಿ, ಒಳಗೆ ಟೊಳ್ಳು. ಅದನ್ನ ನನ್ನ ಸೊಸೆ ಜೀವ ಇರೋ ಕೋಶದೊಳಕ್ಕೆ ಇಳಿಸಿ, ಒಂದು ಗುಟುಕು ರಸ ಹೀರಿ, ಈಚೆ ತೆಗೀತಾಳೆ."

"ತೆಗೆದು?"

"ತೆಗೆದು ಓದ್ತಾರೆ ಕಣಯ್ಯ. ಮುಂಚೆಲ್ಲ ಕೋಶದೊಳಗೆ ಏನು ನಡೀತಿದೆ ಅಂತ ನೋಡೋಕೆ ಅದನ್ನ ಜಜ್ಜಿ ನೋಡ್ತಿದ್ರು. ಜಜ್ಜಿದ ಮೇಲೆ ಇನ್ನೇನು ನಡೆಯುತ್ತೆ ಅಲ್ಲಿ? ಈಗ ಇವತ್ತೊಂದು ಗುಟುಕು, ನಾಳೆ ಒಂದು ಗುಟುಕು. ಕ್ಯಾನ್ಸರ್ ಗೆಡ್ಡೆ ಕೋಶ ಔಷಧಿ ಹಾಕಿದ ದಿನ ಏನು ಮಾಡ್ತು, ಮಾರನೇ ದಿನ ಹೆಂಗೆ ತಪ್ಪಿಸಿಕೊಳ್ತು, ಎಲ್ಲ ಒಂದೇ ಕೋಶದ ಹೊಟ್ಟೆಯಿಂದ ತಿಳಿಯುತ್ತೆ."

"ನಿಮ್ಮ ಹೊಟ್ಟೇಲಿರೋದು ಎಲ್ಲ ತಿಳಿಯೋಕೆ ಸೂಜಿನೇ ಬೇಕಾಗಿಲ್ಲ," ಎಂದು ಕ್ಷೌರದವನು ಕತ್ತಿ ಎತ್ತಿಕೊಂಡ.

ಈ ಮಾವನ ಬಡಾಯಿಯಲ್ಲಿ ಒಂದು ವಿಶೇಷವಿತ್ತು: ಅದರಲ್ಲಿ ಸುಳ್ಳು ಇರಲಿಲ್ಲ. ಬಡಾಯಿಕೋರರ ಪೈಕಿ ಇಂಥವರು ಸಿಗುವುದು ಅಪರೂಪ. ಕೂದಲಿನ ಲೆಕ್ಕವೂ ಸರಿ, ಗುಟುಕಿನ ಮಾತೂ ಸರಿ. ಸೂಜಿ ಎಳೆಯುವವರು ತಾವೇ ಎಂಬುದನ್ನು ಮಾತ್ರ ಅವರು ಕೊನೆಗೆ ಹೇಳುತ್ತಿದ್ದರು, ಅದೂ ಯಾರಾದರೂ ಕೇಳಿದರೆ. ಯಾರೂ ಕೇಳದಿದ್ದರೆ ಎದೆಯ ಮೇಲೆ ತೂಗುತ್ತಿದ್ದ ಗುರುತಿನ ಕಾರ್ಡನ್ನು ಸ್ವಲ್ಪ ಸರಿಪಡಿಸಿಕೊಳ್ಳುತ್ತಿದ್ದರು. ಅದರಲ್ಲಿ ಅವರ ಫೋಟೋ ಇತ್ತು, ಫೋಟೋದ ಕೆಳಗೆ ‘ಗಾಜು ತಂತ್ರಜ್ಞ’ ಎಂದಿತ್ತು. ಕಾರ್ಡು ಹಾಕಿಕೊಂಡು ಕ್ಷೌರಕ್ಕೆ ಯಾಕೆ ಹೋಗಬೇಕು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅವರು ಮೂವತ್ತೊಂದು ವರ್ಷ ಜ್ವರ ನೋಡುವ ಥರ್ಮಾಮೀಟರಿನ ಕಾರ್ಖಾನೆಯಲ್ಲಿ ಗಾಜು ಎಳೆದವರು. ಕಾದ ಗಾಜಿನ ಉಂಡೆಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂದಕ್ಕೆ ನಡೆದರೆ ನಡುವೆ ದಾರದಂತೆ ಕೊಳವೆ ಇಳಿಯುತ್ತದೆ, ಆ ಕೊಳವೆಯಲ್ಲಿ ಪಾದರಸ ಓಡಬೇಕು. ನಡಿಗೆ ಒಂದಿಷ್ಟು ಹೆಚ್ಚುಕಡಿಮೆಯಾದರೆ ಆರೋಗ್ಯವಂತನಿಗೂ ಜ್ವರ ತೋರಿಸುತ್ತದೆ. ಬ್ಯಾಟರಿ ಹಾಕುವ ಥರ್ಮಾಮೀಟರುಗಳು ಬಂದವು, ಪಾದರಸಕ್ಕೆ ನಿಷೇಧ ಬಂತು, ಕಾರ್ಖಾನೆಗೆ ಬೀಗ ಬಿತ್ತು. ಕೊನೆಯ ದಿನ ಯಜಮಾನರು ಹಳಬರಿಗೆಲ್ಲ ಎರಡು ಅಂಗೈ ಅಗಲದ ಒಂದೊಂದು ರೇಷ್ಮೆ ತುಂಡು ಕೊಟ್ಟರು. ಅಲ್ಲಿಯ ಪದ್ಧತಿ ಅದು: ಯಾವ ಕಡ್ಡಿಯೂ ರೇಷ್ಮೆಯಲ್ಲಿ ಒರೆಸದೆ ಪೆಟ್ಟಿಗೆ ಸೇರುವಂತಿಲ್ಲ. ಹೊಳಪಿಲ್ಲದ ಥರ್ಮಾಮೀಟರನ್ನು ಯಾರು ಬಾಯಿಗಿಟ್ಟುಕೊಳ್ಳುತ್ತಾರೆ?

ಸೊಸೆಯ ಪ್ರಯೋಗಾಲಯಕ್ಕೆ ಅವರು ಬಂದದ್ದು ಊಟದ ತಟ್ಟೆಯ ಮುಂದೆ ಆಡಿದ ಒಂದು ಮಾತಿನಿಂದ. ಸೊಸೆ ಮಿತಭಾಷಿ, ಮಾತನ್ನು ತೂಕ ಹಾಕಿ ಕೊಡುವ ಪೈಕಿ. ಅವಳ ಗಂಡ, ಅಂದರೆ ಮಾವನ ಮಗ, ಬಸ್ಸು ಓಡಿಸುವವನು, ಹೆಂಡತಿಗಿಂತ ಮಿತಭಾಷಿ. ಹೀಗಾಗಿ ಮನೆಯ ಮಾತಿನ ಗುತ್ತಿಗೆಯೆಲ್ಲ ಮಾವನದು. ಆ ದಿನ ಮಾತ್ರ ಸೊಸೆ ತಾನಾಗಿ ಹೇಳಿದಳು:

"ಸೂಜಿ ಎಳೆಯೋ ಯಂತ್ರ ತಂದಿದ್ದಾರೆ. ಒಂದು ದಿನ ಎಳೆದ ಹಾಗೆ ಇನ್ನೊಂದು ದಿನ ಬರಲ್ಲ."

"ಬಾಗಿಲು ತೆಗೆದಿರುತ್ತಾ ಮುಚ್ಚಿರುತ್ತಾ?" ಎಂದು ಮಾವ ಕೇಳಿದರು.

"ಯಾಕೆ?"

"ಗಾಳಿ ಆಡಿದರೆ ಗಾಜು ಮುನಿಸಿಕೊಳ್ಳುತ್ತೆ. ಹೋಗಲಿ, ಶುರು ಮಾಡೋಕೆ ಮುಂಚೆ ಎಷ್ಟು ಕಡ್ಡಿ ಸುಟ್ಟು ಬಿಸಾಕ್ತೀರಿ?"

"ಬಿಸಾಕೋದಾ? ಮೊದಲನೇದನ್ನೇ ಬಳಸ್ತೀವಿ."

ಮಾವ ತುತ್ತನ್ನು ತಟ್ಟೆಗೆ ಹಾಕಿ ಹಣೆ ಚಚ್ಚಿಕೊಂಡರು. ಒಲೆ ಹಚ್ಚಿದ ಮೇಲೆ ಮೊದಲ ಹತ್ತು ಕಡ್ಡಿ ಒಲೆಯ ಪಾಲು, ಶಾಖ ನೆಲೆಗೊಳ್ಳುವ ತನಕ ಎಳೆದದ್ದೆಲ್ಲ ದಂಡ ಎಂಬುದು ಎಳೆಯುವವರ ಮನೆಯ ಬೆಕ್ಕಿಗೂ ಗೊತ್ತು. ಮಾರನೆಯ ದಿನ ‘ಒಂದು ಗಂಟೆ ನೋಡಿ ಬರ್ತೀನಿ’ ಎಂದು ಹೋದವರು, ಎರಡು ವರ್ಷವಾಯಿತು, ಇನ್ನೂ ಹೋಗುತ್ತಲೇ ಇದ್ದಾರೆ.

ಕಾರಿಡಾರಿನ ಕೊನೆಯಲ್ಲಿ ಅವರಿಗೊಂದು ಕಿಟಕಿಯಿಲ್ಲದ ಕೋಣೆ ಕೊಟ್ಟರು. ಯಂತ್ರ ಗಾಜಿನ ಕೊಳವೆಯನ್ನು ಎರಡು ಕಡೆ ಕಚ್ಚಿ ಹಿಡಿಯುತ್ತದೆ, ನಡುವೆ ಕಾಯಿಸಿ ಫಟ್ಟನೆ ಎಳೆಯುತ್ತದೆ. ಒಂದು ಕೊಳವೆ ಎರಡಾಗುತ್ತದೆ, ಎರಡಕ್ಕೂ ಒಂದೊಂದು ಮೊನೆ. ಆ ಮೊನೆ ಕಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿಗೂ ಕಾಣುವುದಿಲ್ಲ, ಪ್ರಯೋಗಾಲಯದ ಮಾಮೂಲು ಸೂಕ್ಷ್ಮದರ್ಶಕಕ್ಕೂ ನೆಟ್ಟಗೆ ಸಿಗುವುದಿಲ್ಲ. ಇವರು ಎಳೆತದ ಸದ್ದು ಕೇಳಿಯೇ ‘ಇದು ಬಂತು’, ‘ಇದು ಕೆಟ್ಟಿತು’ ಎನ್ನುತ್ತಿದ್ದರು. ಸೊಸೆ ಅಳೆದು ನೋಡಿದರೆ ಹತ್ತರಲ್ಲಿ ಒಂಬತ್ತು ಇವರು ಹೇಳಿದ ಹಾಗೆಯೇ ಇರುತ್ತಿದ್ದವು.

ಸೊಸೆ ‘ಮಾವ’ ಎಂದು ಕರೆಯುವುದನ್ನು ಕೇಳಿ ಅಲ್ಲಿದ್ದವರೆಲ್ಲ ಮಾವ ಎನ್ನತೊಡಗಿದರು. ಇವರಿಗಿಂತ ಮೂರು ವರ್ಷ ದೊಡ್ಡವರಾದ ವಿಭಾಗದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಡಾಕ್ಟ್ರು ಎನ್ನುವ ಆಯಮ್ಮ ಕೂಡ ‘ಏನು ಮಾವ, ಇವತ್ತು ಎಷ್ಟು ಎಳೆದ್ರಿ’ ಎನ್ನುತ್ತಿದ್ದರು. "ಒಬ್ಬಳೇ ಸೊಸೆ ಸಾಕು ಅಂತ ಒಬ್ಬನೇ ಮಗನ್ನ ಹೆತ್ತವನು ನಾನು. ಇಲ್ಲಿ ನೋಡಿದ್ರೆ ಇಪ್ಪತ್ತಾರು ಜನಕ್ಕೆ ಮಾವ," ಎಂದು ಅವರು ಹೇಳಿಕೊಂಡು ತಿರುಗಿದರು.

ಹೀಗಿರಲು, ಒಂದು ಸೋಮವಾರ ಪತ್ರ ಬಂತು. ಹೊರಗಿನಿಂದ ಪರೀಕ್ಷಕರೊಬ್ಬರು ಬರುತ್ತಾರೆ. ಸೊಸೆ ಮಾಡುತ್ತಿರುವ ಕೆಲಸವನ್ನು ರೋಗಿಗಳ ಕೋಶದ ಮೇಲೆ ಮಾಡಲು ಬಿಡಬೇಕೋ ಬೇಡವೋ ಅವರು ಹೇಳಬೇಕು. ಅವರ ಷರತ್ತು ಒಂದೇ: ತಾವು ಆರಿಸಿದ ಒಂದೇ ಕೋಶದಿಂದ ಮೂರು ದಿನ ಮೂರು ಸಲ ಗುಟುಕು ತೆಗೆಯಬೇಕು, ಮೂರನೆಯ ದಿನವೂ ಅದು ಬದುಕಿರಬೇಕು. ಆದರೆ ಆಯಿತು, ಇಲ್ಲವಾದರೆ ನಾಲ್ಕು ವರ್ಷದ ಕೆಲಸ ಅಲ್ಲಿಗೆ ನಿಂತಿತು. ಕೋಶ ಚುಚ್ಚುವ ಯಂತ್ರದ ಮುಂದೆ ಸೊಸೆಯೇ ಕೂರುವುದೆಂದು ದೊಡ್ಡ ಡಾಕ್ಟ್ರು ಕೂಡಲೇ ಹೇಳಿಬಿಟ್ಟರು. ಅಷ್ಟು ಹಗುರವಾದ ಕೈ ಅಲ್ಲಿ ಇನ್ನೊಂದಿರಲಿಲ್ಲ.

ಮಾವನ ಕಾಲು ಆ ವಾರ ನೆಲದ ಮೇಲಿರಲಿಲ್ಲ. ಕ್ಷೌರದವನಿಗೆ ಹೇಳಿದರು, ಇಸ್ತ್ರಿಯವನಿಗೆ ಹೇಳಿದರು, ಮಗನ ಬಸ್ಸಿನ ಕಂಡಕ್ಟರಿಗೆ ಚಿಲ್ಲರೆ ಕೊಡುತ್ತಾ ಹೇಳಿದರು. ಸೂಜಿಗಳ ಮೇಲಂತೂ ಕಣ್ಣಲ್ಲಿ ಕಣ್ಣಿಟ್ಟು ದುಡಿದರು.

ಆ ವಾರದಿಂದಲೇ ಎಲ್ಲ ಕೆಟ್ಟಿತು.

ಸೊಸೆಯ ಮೇಜಿನ ಮೇಲೊಂದು ಪುಟ್ಟ ಸ್ಪೀಕರ್ ಇತ್ತು. ಸೂಜಿಯೊಳಗಿನ ದ್ರವಕ್ಕೆ ಒಂದು ಬೆಳ್ಳಿ ತಂತಿ ಇಳಿಸಿ ಅತ್ಯಲ್ಪ ವಿದ್ಯುತ್ತು ಹರಿಸುತ್ತಾರೆ. ಮೊನೆಯ ಬಾಯಿಂದ ಎಷ್ಟು ಹರಿಯುತ್ತದೋ ಅಷ್ಟು ಸದ್ದು. ಮೊನೆ ಸರಿಯಿದ್ದರೆ ಕಿವಿಯ ಬಳಿ ಸೊಳ್ಳೆ ಬಂದಂತೆ ಸಣ್ಣ ದನಿ. ಮೊನೆ ಕೋಶದ ಮೈಗೆ ತೀರ ಹತ್ತಿರವಾದಾಗ ಆ ದನಿ ಇಳಿಯುತ್ತದೆ, ಆಗ ಕೈ ನಿಲ್ಲಿಸಬೇಕು. ಕಣ್ಣಿಗಿಂತ ಕಿವಿಯ ಕೆಲಸ ಅದು. ಈಗ ತಂತಿ ಇಳಿಸಿದ ಕೂಡಲೇ ಸ್ಪೀಕರು ಗೊರಗೊರ ಎನ್ನತೊಡಗಿತು. ಹಾಗೆಂದರೆ ಮೊನೆ ಮುರಿದಿದೆ, ಬಾಯಿ ಅಗಲವಾಗಿದೆ. ಅಂಥದ್ದರಿಂದ ಚುಚ್ಚಿದರೆ ಕೋಶ ಹತ್ತು ನಿಮಿಷದಲ್ಲಿ ಮುದುಡಿ ಸಾಯುತ್ತದೆ. ಮೊದಲ ವಾರ ಹತ್ತಕ್ಕೆ ಆರು ಹೋದವು. ಎರಡನೆಯ ವಾರ ಎಂಟು.

ಮಾವ ತಮ್ಮ ಕೋಣೆಯಲ್ಲಿ ಎಳೆತದ ಸದ್ದು ಕೇಳುತ್ತಿದ್ದರು. ಸದ್ದು ಸರಿಯಾಗಿಯೇ ಇತ್ತು. ಆಮೇಲೆ ಅವರು ಒಂದೊಂದನ್ನೇ ಬುಡದ ಕಡೆ ಹಿಡಿದು, ಮೊನೆಯನ್ನು ಮುಟ್ಟದೆ, ಪೆಟ್ಟಿಗೆಯಲ್ಲಿ ಜೋಡಿಸಿ ಕಳಿಸುತ್ತಿದ್ದರು. ಇಲ್ಲಿಂದ ಸರಿಯಾಗಿ ಹೋದದ್ದು ಅಲ್ಲಿ ಮುರಿಯುತ್ತದೆ ಎಂದರೆ ಅರ್ಥವೇನು? ಆ ಅರ್ಥವನ್ನು ಬಾಯಿಬಿಟ್ಟು ಆಡಲು ಅವರಿಗೆ ಮನಸ್ಸಾಗಲಿಲ್ಲ. ಬೇರೆಯವರಿಗೆ ಆಯಿತು.

ಪ್ರಯೋಗಾಲಯದಲ್ಲಿ ‘ಕೆಟ್ಟದ್ದರ ಪುಸ್ತಕ’ ಎಂದೊಂದಿತ್ತು. ಏನು ಕೆಟ್ಟರೂ ಅದರಲ್ಲಿ ಬರೆಯಬೇಕು: ಏನು, ಯಾವಾಗ, ಕಾರಣ, ಸಹಿ. ಮುಚ್ಚಿಟ್ಟವರಿಗೆ ಅಲ್ಲಿ ಜಾಗವಿಲ್ಲ, ಬರೆದವರನ್ನು ಬೈಯುವಂತೆಯೂ ಇಲ್ಲ. ಒಂದು ಮಧ್ಯಾಹ್ನ ಮಾವ ಚಹಾ ಹಿಡಿದು ಹೋಗುವಾಗ ಆ ಪುಸ್ತಕ ತೆರೆದಿತ್ತು. ಎರಡು ಪುಟದ ತುಂಬ ಸೊಸೆಯ ಅಕ್ಷರ. ಮೊನೆ ಮುರಿದಿದೆ, ಮೊನೆ ಮುರಿದಿದೆ, ಮೊನೆ ಮುರಿದಿದೆ. ಕಾರಣದ ಕಡೆ ಎಲ್ಲ ಸಾಲಿನಲ್ಲೂ ಒಂದೇ ಪದ: ‘ಕೈತಪ್ಪು’.

ಮಾವನ ಚಹಾ ಆರಿತು.

ಮನೆಯಲ್ಲಿ ಸೊಸೆ ಎರಡು ತುತ್ತು ತಿಂದು ಎದ್ದುಹೋಗುತ್ತಿದ್ದಳು. ಚಮಚ ಹಿಡಿದ ತನ್ನ ಕೈಯನ್ನೇ ದೀಪದ ಕೆಳಗೆ ನೋಡಿಕೊಳ್ಳುತ್ತಿದ್ದಳು, ನಡುಗುತ್ತಿದೆಯೇ ಎಂದು. ಮಗ ಬಂದು ಅಪ್ಪನ ಪಕ್ಕ ಕೂತು, "ಏನಾದ್ರೂ ಮಾಡಪ್ಪ," ಎಂದ. ಅವನ ಲೆಕ್ಕಕ್ಕೆ ಅದು ಭಾಷಣ.

ಮೂರನೆಯ ವಾರದ ಶುಕ್ರವಾರ ದೊಡ್ಡ ಡಾಕ್ಟ್ರು ಸೊಸೆಯನ್ನು ಕರೆದರು. ಬಾಗಿಲು ಅರ್ಧ ತೆರೆದಿತ್ತು, ಮಾವ ಹೊರಗೆ ಪೆಟ್ಟಿಗೆ ಹಿಡಿದು ನಿಂತಿದ್ದರು.

"ನಿನ್ನ ಕೈ ಭಾರ ಆಗಿದೆ ಕಣಮ್ಮ. ದಣಿವು ಇರಬಹುದು, ಹೆದರಿಕೆ ಇರಬಹುದು, ನಾನು ತಪ್ಪು ಅನ್ನಲ್ಲ. ಸೋಮವಾರ ಪರೀಕ್ಷಕರು ಬರ್ತಾರೆ. ಕನ್ನಡಕದವನು ಕೂತ್ಕೊಳ್ಳಲಿ."

ಕನ್ನಡಕದವನು ಪಕ್ಕದ ಮೇಜಿನವನು, ಒಳ್ಳೆಯವನು, ಸೊಸೆಯ ಕೈಕೆಳಗೆ ಕಲಿತವನು. ಸೊಸೆ ‘ಆಗಲಿ’ ಎಂದಳು. ಅಷ್ಟೇ ಎಂದಳು. ನಾಲ್ಕು ವರ್ಷದ ಕೆಲಸ, ಅದರ ಮುಂದೆ ಕೂರುವ ಕುರ್ಚಿ, ಎರಡೂ ಒಂದು ‘ಆಗಲಿ’ಯಲ್ಲಿ ಹೋದವು. ಮಾವ ಪೆಟ್ಟಿಗೆ ಹಿಡಿದೇ ಅಲ್ಲಿಂದ ತಿರುಗಿದರು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಸಿಟ್ಟು ಬಂದಾಗ ಕೆಲಸ ಮಾಡುವ ಜಾತಿ ಅವರದು. ಸೋಮವಾರಕ್ಕಾದರೂ ಒಳ್ಳೆಯ ಸೂಜಿ ಇರಲಿ ಎಂದು ಎಳೆದರು, ಎಳೆದದ್ದನ್ನು ಬೆಳಕಿಗೆ ಹಿಡಿದರು, ಈಚಿನ ವಾಡಿಕೆಯಂತೆ ಜೇಬಿನಿಂದ ರೇಷ್ಮೆ ತುಂಡು ತೆಗೆದು ಬುಡದಿಂದ, ಗಾಜು ಸಣ್ಣಗಾಗತೊಡಗುವ ಭುಜದವರೆಗೆ ಹೊಳಪು ಬರುವ ಹಾಗೆ ಉಜ್ಜಿದರು. ಪೆಟ್ಟಿಗೆಯ ಮೇಲೆ ಅಂಟಿಸಲು ಕತ್ತರಿಸಿದ ಚೀಟಿಯ ಚೂರುಗಳು ಮೇಜಿನ ಮೇಲಿದ್ದವು. ಉಜ್ಜಿದ ಸೂಜಿ ಅವುಗಳ ಮೇಲೆ ಹಾದದ್ದೇ ತಡ, ಒಂದು ಚೂರು ಟಪಕ್ಕನೆ ಹಾರಿ ಗಾಜಿಗೆ ಅಂಟಿಕೊಂಡಿತು. ಅದರ ಹಿಂದೆ ಇನ್ನೊಂದು.

ಮಾವ ಹಾಗೇ ನಿಂತರು. ಐದನೆಯ ತರಗತಿಯ ಮೇಷ್ಟ್ರು ಗಾಜಿನ ಕಡ್ಡಿಯನ್ನು ರೇಷ್ಮೆ ಬಟ್ಟೆಗೆ ಉಜ್ಜಿ ಕಾಗದದ ಚೂರು ಹಾರಿಸಿದ್ದರು. ಶಾಲೆಯಲ್ಲಿ ಅವರಿಗೆ ನೆನಪಿರುವ ಪಾಠ ಅದೊಂದೇ. ‘ಇದರಲ್ಲಿ ವಿದ್ಯುತ್ತು ಕೂತಿದೆ, ಲೋಹ ತಾಗಿದರೆ ಓಡಿಹೋಗುತ್ತೆ’ ಎಂದಿದ್ದರು ಮೇಷ್ಟ್ರು. ಇಲ್ಲಿ ತಾಗುವ ಲೋಹ ಸೊಸೆಯ ಬೆಳ್ಳಿ ತಂತಿ. ಓಡಲು ಇರುವ ದಾರಿ ಕೂದಲಿನ ಸಾವಿರದಲ್ಲೊಂದು ಪಾಲಿನ ಬಾಯಿ. ಓಡುವ ರಭಸಕ್ಕೆ ಆ ಮೊನೆ ಸಿಡಿಯದೆ ಇನ್ನೇನಾದೀತು?

ಎರಡು ವರ್ಷ ಒರೆಸದೆಯೇ ಕಳಿಸಿದ್ದರು, ಒಂದೂ ತಕರಾರಿರಲಿಲ್ಲ. ಒರೆಸಲು ಶುರುಮಾಡಿದ್ದು ಯಾವಾಗ? ಪತ್ರ ಬಂದ ದಿನ. ಪರೀಕ್ಷಕರ ಕಣ್ಣಿಗೆ ಬೀಳುವ ಗಾಜು, ಸೊಸೆಯ ಮರ್ಯಾದೆ, ಹೊಳೆಯುತ್ತಿರಲಿ ಎಂದು ಮನೆಯ ಹಳೆಯ ಪೆಟ್ಟಿಗೆಯ ತಳದಿಂದ ಆ ರೇಷ್ಮೆ ಹುಡುಕಿ ತೆಗೆದಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಇಲ್ಲಿ ಕೂಸು ಜೇಬಿನಲ್ಲಿತ್ತು.

ಬೇರೆ ಯಾರಾದರೂ ಆಗಿದ್ದರೆ ಆಗಲೇ ಓಡಿಹೋಗಿ ಹೇಳುತ್ತಿದ್ದರು, ಅಥವಾ ಎಂದೂ ಹೇಳುತ್ತಿರಲಿಲ್ಲ. ಮಾವ ಗಾಜಿನವರು, ಅಳೆಯದೆ ನಂಬುವವರಲ್ಲ. ಹತ್ತು ಸೂಜಿ ಎಳೆದರು. ಐದನ್ನು ಉಜ್ಜಿದರು, ಐದನ್ನು ಹಾಗೆಯೇ ಬಿಟ್ಟರು. ಎಲ್ಲಕ್ಕೂ ಅಂಕಿ ಹಾಕಿ ಕಲಸಿ ಒಂದೇ ಪೆಟ್ಟಿಗೆಯಲ್ಲಿಟ್ಟರು. ಯಾವುದು ಯಾವುದು ಎಂಬ ಚೀಟಿಯನ್ನು ಕಾರ್ಡಿನ ಹಿಂಬದಿಗೆ ಸಿಕ್ಕಿಸಿಕೊಂಡರು.

ಶನಿವಾರ ಬೆಳಿಗ್ಗೆ ರಜೆಯ ದಿನ ಸೊಸೆಯನ್ನು ಕರೆದುಕೊಂಡು ಹೋದರು.

"ಹತ್ತನ್ನೂ ಹಾಕಿ ನೋಡು. ಏನೂ ಕೇಳಬೇಡ."

ಅವಳು ಕೇಳಲಿಲ್ಲ. ಒಂದು: ಸೊಳ್ಳೆಯ ದನಿ. ಎರಡು: ಗೊರಗೊರ. ಮೂರು: ಗೊರಗೊರ. ನಾಲ್ಕು: ಸೊಳ್ಳೆ. ಮಾವ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು, ಪ್ರತಿ ದನಿಗೂ ಅವರ ತುಟಿ ಅಲ್ಲಾಡುತ್ತಿತ್ತು. ಹತ್ತು ಮುಗಿಯಿತು. ಐದು ಸರಿ, ಐದು ಮುರಿದವು. ಚೀಟಿ ತೆಗೆದು ಅವಳ ಮುಂದಿಟ್ಟರು.

"ಮುರಿದಿದ್ದೆಲ್ಲ ನಾನು ರೇಷ್ಮೇಲಿ ಒರೆಸಿದ್ದು. ನೀನು ಕೈತಪ್ಪು ಅಂತ ಬರೆದ್ಯಲ್ಲ, ಆ ಕೈ ನಂದು ತಾಯಿ."

ಸೊಸೆ ಚೀಟಿ ನೋಡಿದಳು, ಮಾವನನ್ನು ನೋಡಿದಳು. ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮಾವನ ಮೇಲೆ ಅವಳಿಗೆ ಬಂದ ಮೊದಲ ಸಿಟ್ಟು ಅದು.

"ಮೂರು ವಾರ ಮಾವ. ಮೂರು ವಾರ ನನ್ನ ಕೈ ನನಗೇ ಬೇಡವಾಗಿತ್ತು."

"ಬೈಯಮ್ಮ."

"ಬೈಯಲ್ಲ," ಎಂದು ಅವಳು ಮುಖ ತಿರುಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಭುಜ ಅಲ್ಲಾಡಿತು. ಅಳುತ್ತಿದ್ದಾಳೆಂದು ಮಾವ ಗಾಬರಿಯಾದರು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. "ಹೊಳಪು ಕೊಡೋಕೆ ಹೋಗಿದ್ರಾ? ಅದರ ಮೊನೆ ಯಾರ ಕಣ್ಣಿಗೂ ಕಾಣಲ್ಲ ಮಾವ."

"ಬುಡ ಕಾಣುತ್ತಲ್ಲ," ಎಂದರು ಮಾವ ಪೆಚ್ಚಾಗಿ.

ಆಮೇಲೆ ಅವಳು ತಣ್ಣಗೆ ಹೇಳಿದಳು: ಇದನ್ನು ಯಾರಿಗೂ ಹೇಳುವುದು ಬೇಡ. ಸೋಮವಾರ ಕನ್ನಡಕದವನು ಕೂರಲಿ, ಒಳ್ಳೆಯ ಸೂಜಿ ಕೊಟ್ಟರೆ ಕೆಲಸ ಆಗುತ್ತದೆ, ಕೆಲಸ ಆಗುವುದು ಮುಖ್ಯ. "ಹೇಳಿದರೆ ನಿಮ್ಮನ್ನ ಇಟ್ಕೊಳ್ತಾರಾ? ಓದಿಲ್ಲದವರನ್ನ ಸೊಸೆ ತಂದು ಕೂರಿಸಿದ್ಲು, ಅದಕ್ಕೇ ಹಿಂಗಾಯ್ತು ಅಂತಾರೆ. ನಿಮ್ಮ ಕಾರ್ಡ್ ತಗೊಂಡುಬಿಡ್ತಾರೆ."

ಮಾವ ಕಾರ್ಡನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಅವರಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಸುಮ್ಮನಿದ್ದರೆ ಎಲ್ಲ ಸಲೀಸು. ಕೆಲಸವೂ ಆಗುತ್ತದೆ, ಕಾರ್ಡೂ ಉಳಿಯುತ್ತದೆ, ಕ್ಷೌರದವನ ಮುಂದೆ ತಲೆಯೂ ತಗ್ಗುವುದಿಲ್ಲ. ಸೊಸೆಯ ಕೈ ಮಾತ್ರ ಭಾರವಾಗಿಯೇ ಉಳಿಯುತ್ತದೆ, ಆ ಪುಸ್ತಕದಲ್ಲಿ, ಅವಳದೇ ಅಕ್ಷರದಲ್ಲಿ.

"ಉಪ್ಪು ತಿಂದೋನು ನೀರು ಕುಡೀಬೇಕು ಕಣಮ್ಮ," ಎಂದರು. "ನಾನು ತಿಂದಿದ್ದಕ್ಕೆ ನೀನು ಕುಡಿಯೋದು ಯಾವ ನ್ಯಾಯ?"

ಸೋಮವಾರ ಪರೀಕ್ಷಕರು ಬಂದರು. ಕುಳ್ಳಗಿನ ಮನುಷ್ಯ, ಕೋಟಿನ ಜೇಬಿನಲ್ಲಿ ಸೀಸದ ಕಡ್ಡಿ, ಮುಖದಲ್ಲಿ ‘ಹೌದೂ’ ಇಲ್ಲ, ‘ಅಲ್ಲ’ವೂ ಇಲ್ಲ. ದೊಡ್ಡ ಡಾಕ್ಟ್ರು ಎಲ್ಲರನ್ನೂ ಪರಿಚಯ ಮಾಡಿಸಿ, ಕನ್ನಡಕದವನಿಗೆ ಕೂರಲು ಸನ್ನೆ ಮಾಡಿದರು. ಆಗ ಮಾವ ಕೆಟ್ಟದ್ದರ ಪುಸ್ತಕವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಮುಂದೆ ಬಂದರು. ಸೊಸೆ ತಲೆ ಅಲ್ಲಾಡಿಸಿ ಬೇಡ ಎಂದಳು. ಅವರು ಅತ್ತ ನೋಡಲಿಲ್ಲ.

"ಡಾಕ್ಟ್ರಮ್ಮ, ಇವರು ಕೂರೋಕೆ ಮುಂಚೆ ಒಂದು ಸಾಲು ಓದಬೇಕು. ನಾನೇ ಬರೆದಿದ್ದೀನಿ, ಅಕ್ಷರ ಸರಿಯಿಲ್ಲ."

ಅವರೇ ಓದಿದರು. ಮೂರು ವಾರದ ಮುರಿದ ಮೊನೆಗಳಿಗೆ ಕಾರಣ ಸೊಸೆಯ ಕೈಯಲ್ಲ. ಗಾಜು ಎಳೆಯುವ ತಾನು ಹೊಳಪಿನ ಆಸೆಗೆ ರೇಷ್ಮೆಯಲ್ಲಿ ಒರೆಸಿದ್ದು. ಹತ್ತು ಸೂಜಿಯಲ್ಲಿ ನೋಡಿದ್ದು, ಒರೆಸಿದ ಐದೂ ಮುರಿದವು, ಒರೆಸದ ಐದೂ ಉಳಿದವು. ಕೆಳಗೆ ಸಹಿ. ಮಾವನ ಕಿವಿ ಕೆಂಪಾಗಿತ್ತು.

ಮೊದಲು ಬಾಯಿಬಿಟ್ಟವರು ಪರೀಕ್ಷಕರು. "ಒರೆಸಿದ್ದು ಯಾವುದು ಅಂತ ಅವರಿಗೆ ಗೊತ್ತಿತ್ತಾ, ಹಾಕಿ ನೋಡುವಾಗ?"

"ಇಲ್ಲ ಸಾರ್. ಚೀಟಿ ನನ್ನ ಹತ್ರ ಇತ್ತು. ಗೊತ್ತಿದ್ರೆ ಕಿವಿ ಮೋಸ ಮಾಡುತ್ತೆ."

ಪರೀಕ್ಷಕರು ಸೀಸದ ಕಡ್ಡಿ ತೆಗೆದು ಏನನ್ನೋ ಬರೆದುಕೊಂಡರು. ದೊಡ್ಡ ಡಾಕ್ಟ್ರು ಸೊಸೆಯ ಕಡೆ ತಿರುಗಿದರು. "ಕೈ ಭಾರ ಅಂದಿದ್ದು ನಾನು. ತಪ್ಪಾಯ್ತು." ಆಮೇಲೆ ಮಾವನ ಕಡೆ: "ಮೂರು ವಾರ ನುಂಗಿ ನೀರು ಕುಡಿದ್ರಲ್ಲ ಮಾವ."

"ನೀರು ಈಗ ತಾನೇ ಕುಡಿದೆ ಡಾಕ್ಟ್ರಮ್ಮ. ಕಾರ್ಡ್ ಬೇಕಾದ್ರೆ ತಗೊಳ್ಳಿ."

"ಕಾರ್ಡ್ ತಗೊಂಡು ನಾನೇನು ಸೂಜಿ ಎಳೀಲಾ? ಹೋಗಿ, ಒರೆಸದೇ ಇರೋದು ತನ್ನಿ."

ಕನ್ನಡಕದವನು ಯಾರೂ ಹೇಳದೆಯೇ ಎದ್ದು ಕುರ್ಚಿಯನ್ನು ಸೊಸೆಯ ಕಡೆ ಸರಿಸಿದ. ಅವನ ಮುಖದಲ್ಲಿ ನೂರು ಮಣ ಇಳಿದಂತಿತ್ತು.

ಕೋಶ ಬೆಳೆಸುವ ತಟ್ಟೆಯ ತಳದ ಗಾಜಿನಲ್ಲಿ ಚೌಕಗಳಿದ್ದವು, ಪ್ರತಿ ಚೌಕಕ್ಕೂ ಅಂಕಿ. ಅದರ ಮೇಲೆ ಚರ್ಮದ ಕೋಶಗಳು ಬೆಳೆದಿದ್ದವು. ಪರೀಕ್ಷಕರು ಬಹಳ ಹೊತ್ತು ನೋಡಿ ನಲವತ್ತೇಳನೆಯ ಚೌಕದಲ್ಲಿ ಕೈಕಾಲು ಚಾಚಿ ಮಲಗಿದಂತಿದ್ದ ಒಂದು ಕೋಶವನ್ನು ಆರಿಸಿದರು. ತೀರ ತೆಳ್ಳಗಿನದು. ಬೇಕೆಂದೇ ಕಷ್ಟದ್ದನ್ನು ಆರಿಸಿದ್ದರು.

ಸೊಸೆ ಉಸಿರು ಬಿಟ್ಟು ಕೈ ಇಟ್ಟಳು. ಸೊಳ್ಳೆಯ ದನಿ. ಅದು ಹಾಗೆಯೇ ಬಂತು, ಬಂತು, ಒಂದು ಕಡೆ ಇಳಿಯಿತು. ಅವಳ ಬೆರಳು ನಿಂತಿತು. ಇನ್ನೊಂದು ಬೆರಳು ಅಲ್ಲಾಡಿತೋ ಇಲ್ಲವೋ, ಪರದೆಯ ಮೇಲೆ ಕೋಶದ ಮೈ ಒಂದಿಷ್ಟು ಅದುರಿ ಸುಮ್ಮನಾಯಿತು. "ತಗೊಂಡೆ," ಎಂದಳು. ಇಷ್ಟೇ. ಬಾಗಿಲ ಬಳಿ ನಿಂತಿದ್ದ ಮಾವನಿಗೆ ಎದೆ ಹಿಗ್ಗಿ ಅಂಗಿಯ ಗುಂಡಿ ಬಿಗಿಯಾಯಿತು. ಮಂಗಳವಾರವೂ ಹಾಗೆಯೇ. ಕೋಶ ಇದ್ದಲ್ಲೇ ಇತ್ತು, ಸಣ್ಣಗೆ ಮೈ ಚಾಚಿಕೊಂಡು.

ಬುಧವಾರ ಬೆಳಿಗ್ಗೆ ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಿಂದ ತಟ್ಟೆ ತೆಗೆದು ಇಟ್ಟರು. ಪರದೆಯ ಮೇಲೆ ನಲವತ್ತೇಳನೆಯ ಚೌಕ ಬಂತು. ಆ ಉದ್ದನೆಯ ಕೋಶ ಅಲ್ಲಿರಲಿಲ್ಲ.

ಕನ್ನಡಕದವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ದೊಡ್ಡ ಡಾಕ್ಟ್ರು ಕುರ್ಚಿಯ ಬೆನ್ನು ಹಿಡಿದರು. ಉದ್ದನೆಯದು ಇದ್ದ ಜಾಗದಲ್ಲಿ ಎರಡು ಸಣ್ಣ ಕೋಶಗಳು ಒಂದಕ್ಕೊಂದು ಬೆನ್ನು ಕೊಟ್ಟು ಕೂತಿದ್ದವು.

"ನಮ್ಮ ಕೋಶ ಎಲ್ಲಿ?" ಎಂದರು ಪರೀಕ್ಷಕರು.

ಸೊಸೆ ಆ ಪೆಟ್ಟಿಗೆಯೊಳಗಿನ ಕ್ಯಾಮೆರಾ ರಾತ್ರಿಯೆಲ್ಲ ಹತ್ತು ನಿಮಿಷಕ್ಕೊಂದರಂತೆ ತೆಗೆದ ಚಿತ್ರಗಳನ್ನು ಹಿಂದಕ್ಕೆ ಓಡಿಸಿದಳು. ಬೆಳಗಿನ ಐದು ಗಂಟೆ: ಉದ್ದನೆಯದು ಕೈಕಾಲು ಒಳಗೆಳೆದುಕೊಂಡು ದುಂಡಗಾಯಿತು. ಐದೂವರೆ: ನಡು ಸಣ್ಣಗಾಯಿತು. ಆರು: ಎರಡು. ಎರಡು ಸಲ ಚುಚ್ಚಿಸಿಕೊಂಡು, ಎರಡು ಗುಟುಕು ಕಳೆದುಕೊಂಡು, ಆ ಕೋಶ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು. ಹೀಗಾಗಬಹುದು ಎಂದು ಸೊಸೆಗೆ ಗೊತ್ತಿತ್ತು, ಆಗುತ್ತದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಪರೀಕ್ಷಕರು ಆ ಚಿತ್ರಗಳನ್ನು ಮೂರು ಸಲ ಓಡಿಸಿದರು. "ಷರತ್ತು ಒಂದೇ ಕೋಶ ಅಂತ ಇತ್ತು," ಎಂದರು. "ಈಗ ಇಲ್ಲಿ ಎರಡಿವೆ. ಮೂರನೇ ದಿನವೂ ಅದೇ ಕೋಶ ಬದುಕಿದೆ ಅಂತ ನಾನು ಹೇಗೆ ಬರೀಲಿ?"

ದೊಡ್ಡ ಡಾಕ್ಟ್ರು ಏನೋ ಹೇಳಹೊರಟರು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಮಾವನ ಧ್ವನಿ ಬಂತು.

"ಸಾರ್, ಓದಿಲ್ಲದವನು ಕೇಳ್ತೀನಿ, ತಪ್ಪು ತಿಳೀಬೇಡಿ. ಸತ್ತಿದ್ದು ಎಲ್ಲಾದ್ರೂ ಹೆರುತ್ತಾ?"

ಪರೀಕ್ಷಕರ ಮುಖದಲ್ಲಿ ಮೂರು ದಿನದಿಂದ ಇಲ್ಲದ ನಗು ಬಂತು, ಅವರ ನಗು ನೋಡಿ ಕೋಣೆಯೆಲ್ಲ ನಕ್ಕಿತು. ಸೊಸೆ ನಗಲಿಲ್ಲ. ಅವಳು ಹೊಸ ಸೂಜಿ ಸಿಕ್ಕಿಸಿಕೊಂಡು ಆಗಲೇ ಕೂತಾಗಿತ್ತು.

"ಎರಡರಿಂದಲೂ ತೆಗೀತೀನಿ ಸಾರ್," ಎಂದಳು. "ಯಾವುದು ಅದು ಅಂತ ನೀವು ಆರಿಸಬೇಕಾಗಿಲ್ಲ."

ತೆಗೆದಳು. ಮೊದಲು ಎಡದ್ದು, ಆಮೇಲೆ ಬಲದ್ದು. ಎರಡು ಸಲವೂ ದನಿ ಇಳಿದ ಜಾಗದಲ್ಲೇ ಅವಳ ಕೈ ನಿಂತಿತು, ಕಲ್ಲಿನ ಮೇಲಿಟ್ಟ ಹಾಗೆ. ಒಂದು ಗಂಟೆ ಕಾದು ನೋಡಿದರು. ಎರಡೂ ಮೆಲ್ಲಗೆ ಮೈ ಚಾಚಿಕೊಳ್ಳುತ್ತಿದ್ದವು. ಪರೀಕ್ಷಕರು ನಿಂತೇ ಬರೆದು, ನಿಂತೇ ಸಹಿ ಹಾಕಿ, ಹಾಳೆಯನ್ನು ದೊಡ್ಡ ಡಾಕ್ಟ್ರ ಕೈಗೆ ಕೊಟ್ಟರು. ಮುಂದಿನ ತಿಂಗಳಿಂದ ರೋಗಿಗಳ ಕೋಶ ಬರಬಹುದು. ಯಂತ್ರದ ಮುಂದೆ ಕೂರುವವರ ಹೆಸರಿನ ಜಾಗದಲ್ಲಿ ಸೊಸೆಯ ಹೆಸರು ಇತ್ತು.

ಹೊರಡುವ ಮುಂಚೆ ಅವರು ಮೇಜಿನ ಮೇಲಿದ್ದ ಒಂದು ಸೂಜಿಯನ್ನು ಬೆಳಕಿಗೆ ಎತ್ತಿ ನೋಡಿದರು. "ಮೂರು ದಿನದಲ್ಲಿ ಒಂದು ಮೊನೆಯೂ ಕೈಕೊಡಲಿಲ್ಲ. ಯಾವ ಯಂತ್ರದಲ್ಲಿ ಎಳೆದದ್ದು ಇದು? ನಮ್ಮಲ್ಲೂ ತರಿಸ್ತೀವಿ."

ಒಂಬತ್ತು ವರ್ಷದಲ್ಲಿ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡದವಳು ಕುರ್ಚಿಯಿಂದ ಎದ್ದು ಬಾಗಿಲ ತನಕ ಹೋದಳು. ಮಾವನ ತೋಳು ಹಿಡಿದು ಎಲ್ಲರ ನಡುವೆ ಕರೆತಂದು ನಿಲ್ಲಿಸಿದಳು.

"ಯಂತ್ರ ಎಲ್ಲ ಕಡೆ ಸಿಗುತ್ತೆ ಸಾರ್," ಎಂದಳು. "ಈ ಮಾವ ನಮ್ಮ ಮನೇಲಿ ಮಾತ್ರ ಇರೋದು."

ಮಾವನಿಗೆ ಏನಾದರೂ ಹೇಳಬೇಕೆನಿಸಿತು. ಬಾಯಿ ತೆರೆದರು, ಒಂದು ಮಾತೂ ಬರಲಿಲ್ಲ.